ಹಳಬರು ಹೋದ ಮೇಲೆ ಅದು ಅದೇ ಕಾರ್ಖಾನೆಯೇ?



ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 20 ಕಿಲೋಮೀಟರ್ ದಾರಿ. ನಮ್ಮ ಮಾತುಕತೆ ಕಾರ್ಯಕ್ರಮದ ಸಿದ್ಧತೆಗಾಗಿ ಒಮ್ಮೆ ಆ ದಾರಿಯಲ್ಲಿ ಹೋಗುವ ಮುನ್ನ, ಶಿವಮೊಗ್ಗದಲ್ಲಿ ನೆಲೆಸಿರುವ ಒಬ್ಬ ನಿವೃತ್ತ ಕುಲುಮೆ ಕೆಲಸಗಾರರನ್ನು ಕಂಡೆ. ವಯಸ್ಸಾಗಿದ್ದರೂ ಮಾತು ಗಟ್ಟಿಯಾಗಿತ್ತು. ನಿಮ್ಮಂಥ ಹಳಬರೆಲ್ಲ ಹೊರಗೆ ಬಂದ ಮೇಲೂ ಒಂದು ಕಾರ್ಖಾನೆ ಅದೇ ಕಾರ್ಖಾನೆಯಾಗಿ ಉಳಿಯುತ್ತದೆಯೇ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನನಗೇ ಒಂದು ಪ್ರಶ್ನೆ ಹಾಕಿದರು. ಆ ಪ್ರಶ್ನೆಯನ್ನು ಕೊನೆಯಲ್ಲಿ ಹೇಳುತ್ತೇನೆ. ಅದು ಅರ್ಥವಾಗಬೇಕಾದರೆ ಮೊದಲು ಭದ್ರಾವತಿಯ ಕಥೆಯನ್ನು ನೆನಪಿಸಿಕೊಳ್ಳಬೇಕು.

ಇಂಥ ಪ್ರಶ್ನೆ ಕಬ್ಬಿಣಕ್ಕೆ ಮಾತ್ರ ಸೇರಿದ್ದಲ್ಲ. ನಿಮ್ಮ ಮನೆಯ ಮಕ್ಕಳು ಕಂಪ್ಯೂಟರಿನಲ್ಲಿ ಆಡುವ ಆಟಗಳನ್ನು ತಯಾರಿಸುವ ಸಂಸ್ಥೆಗಳಲ್ಲೂ ಇದೇ ಚರ್ಚೆ ನಡೆಯುತ್ತದೆ. ಕೆನಡಾದಲ್ಲಿ 1995ರಲ್ಲಿ ಹುಟ್ಟಿದ ಬಯೋವೇರ್ ಎಂಬ ಹೆಸರಾಂತ ಸಂಸ್ಥೆಯನ್ನು ಕಟ್ಟಿದವರಲ್ಲಿ ಇಬ್ಬರು 2012ರಲ್ಲಿ ಹೊರಟುಹೋದರು. ಇಬ್ಬರೂ ವೈದ್ಯಶಾಸ್ತ್ರ ಓದಿದವರು. ಬಾಗಿಲ ಮೇಲಿನ ಹೆಸರು ಹಾಗೆಯೇ ಉಳಿಯಿತು. ಒಳಗಿರುವುದು ಅದೇ ಸಂಸ್ಥೆಯೇ ಎಂದು ಆಟಗಾರರು ಇಂದಿಗೂ ವಾದಿಸುತ್ತಾರೆ. ನಮ್ಮ ಊರಿನ ತೇರನ್ನೇ ನೋಡಿ. ಒಂದು ವರ್ಷ ಗಾಲಿ ಬದಲಾಗುತ್ತದೆ, ಮತ್ತೊಂದು ವರ್ಷ ಅಚ್ಚುಮರ, ಇನ್ನೊಂದು ವರ್ಷ ತೊಲೆ. ಎಲ್ಲ ಬದಲಾದ ಮೇಲೂ ನಾವು ಅದನ್ನು ಅಜ್ಜನ ಕಾಲದ ತೇರು ಎಂದೇ ಕರೆಯುತ್ತೇವೆ. ಯಾವ ಆಧಾರದ ಮೇಲೆ?

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಕುಲುಮೆ ಬರುವುದಕ್ಕೂ ಮೊದಲೇ ಊರಿಗೆ ಆ ಹೆಸರಿತ್ತು ಎಂಬುದು ಒಂದು ಸೋಜಿಗ. ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದಾಗ, ಮಲೆನಾಡಿನ ಕಾಡಿನ ಸೌದೆಯಿಂದ ಇದ್ದಿಲು ಮಾಡಿ, ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿ ಕಬ್ಬಿಣ ತೆಗೆಯುವ ಯೋಜನೆ ರೂಪುಗೊಂಡಿತು. ಸಲಹೆಗಾರರಾಗಿ ಬಂದವರು ಅಮೆರಿಕದ ಚಾರ್ಲ್ಸ್ ಪೇಜ್ ಪೆರಿನ್. ಟಾಟಾ ಅವರ ಜಮ್‌ಶೆಡ್‌ಪುರದ ಕಾರ್ಖಾನೆಗೂ ಅವರೇ ಸಲಹೆಗಾರರಾಗಿದ್ದರು. ಇಂದಿನ ಕಾರ್ಖಾನೆಗೆ ಆಗ ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್ ಎಂಬ ಉದ್ದನೆಯ ಹೆಸರು. ಊದುಕುಲುಮೆ ಕೆಲಸ ಆರಂಭಿಸಿದ್ದು 1923ರ ಜನವರಿಯಲ್ಲಿ.

ರಸಾಯನಶಾಸ್ತ್ರ ಓದಿದ ನನಗೆ ಇಲ್ಲಿ ಒಂದು ಮಾತು ಹೇಳದೆ ಇರಲಾಗದು. ಸಾಮಾನ್ಯವಾಗಿ ಊದುಕುಲುಮೆಗೆ ಕಲ್ಲಿದ್ದಲಿನಿಂದ ಮಾಡಿದ ಕೋಕ್ ಹಾಕುತ್ತಾರೆ. ಅದರಲ್ಲಿ ಗಂಧಕದ ಅಂಶ ಇರುತ್ತದೆ. ಗಂಧಕ ಕಬ್ಬಿಣಕ್ಕೆ ಸೇರಿದರೆ, ಕೆಂಪಗೆ ಕಾದಾಗ ಅದು ಬಿರುಕು ಬಿಡುತ್ತದೆ. ಮರದ ಇದ್ದಿಲಿನಲ್ಲಿ ಗಂಧಕ ತೀರ ಕಡಿಮೆ. ಆದುದರಿಂದ ಇದ್ದಿಲಿನಿಂದ ತೆಗೆದ ಬೀಡುಕಬ್ಬಿಣ ಶುದ್ಧವಾದದ್ದು. ಸೌದೆಯನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಇದ್ದಿಲು ಮಾಡುವಾಗ ಬರುವ ಹೊಗೆಯನ್ನು ತಂಪುಗೊಳಿಸಿ ಮರದ ಮದ್ಯಸಾರ, ಟಾರು ಮುಂತಾದವನ್ನೂ ಪಡೆಯಬಹುದು. ಕಾರ್ಖಾನೆಯ ಮೊದಲ ಹೆಸರಿನಲ್ಲಿ ಮರದ ಭಟ್ಟಿಗೆ ಸ್ಥಾನ ಸಿಕ್ಕಿದ್ದು ಈ ಕಾರಣಕ್ಕೆ.

ಆರಂಭದ ದಿನಗಳು ಸುಲಭವಾಗಿರಲಿಲ್ಲ. ಕಬ್ಬಿಣದ ಬೆಲೆ ಕುಸಿದಿತ್ತು, ನಷ್ಟ ಏರುತ್ತಿತ್ತು, ಸರ್ಕಾರ ಬಿಳಿ ಆನೆ ಸಾಕುತ್ತಿದೆ ಎಂಬ ಟೀಕೆಯೂ ಇತ್ತು. ದಿವಾನಗಿರಿಯಿಂದ ಹೊರಬಂದು ಐದು ವರ್ಷವಾಗಿದ್ದ ವಿಶ್ವೇಶ್ವರಯ್ಯನವರನ್ನು 1923ರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕರೆತಂದರು. 1929ರವರೆಗೆ ಅವರು ಆ ಹೊಣೆ ಹೊತ್ತರು. ಹೊರದೇಶದ ತಜ್ಞರ ಮೇಲಿನ ಅವಲಂಬನೆ ತಪ್ಪಿಸಿ, ಆ ಜಾಗಗಳಿಗೆ ಇಲ್ಲಿನ ತರುಣರನ್ನು ತಯಾರು ಮಾಡಿದರು. ಅಂದರೆ ಈ ಕಾರ್ಖಾನೆಯಿಂದ ಅನುಭವಸ್ಥರು ಹೊರಟದ್ದು ಅದರ ಮುಪ್ಪಿನಲ್ಲಿ ಅಲ್ಲ, ಎಳೆತನದಲ್ಲೇ. ಅವರು ಹೋದ ಮೇಲೆ ಕುಲುಮೆ ಆರಲಿಲ್ಲ.

ಯಾಕೆ ಆರಲಿಲ್ಲ ಎಂಬುದಕ್ಕೆ ಉತ್ತರ ವಿಶ್ವೇಶ್ವರಯ್ಯನವರ ಇನ್ನೊಂದು ನಡೆಯಲ್ಲಿದೆ ಎಂದು ನನ್ನ ಅಭಿಪ್ರಾಯ. ಭದ್ರಾವತಿಯ ಅಧ್ಯಕ್ಷಗಿರಿಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ತಮಗಾಗಿ ಇಟ್ಟುಕೊಳ್ಳಲಿಲ್ಲ. ಲಕ್ಷ ರೂಪಾಯಿ ಮೀರಿದ ಆ ಹಣ ತರುಣರಿಗೆ ಕಸುಬು ಕಲಿಸುವ ಶಾಲೆಗೆ ಹೋಯಿತು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆಗೆ ತಮ್ಮ ಹೆಸರು ಬೇಡವೆಂದು ಮಹಾರಾಜ ಜಯಚಾಮರಾಜೇಂದ್ರರ ಹೆಸರಿಡಿಸಿದರು. ಕಾರ್ಖಾನೆಯಿಂದ ಬರಬೇಕಾದ ದುಡ್ಡು ಕಲಿಕೆಗೆ ಸಂದಿತು. ಯಂತ್ರಕ್ಕಿಂತ ಮುಂದಿನ ಕೈಗಳು ಮುಖ್ಯ ಎಂಬುದು ಅವರಿಗೆ ಗೊತ್ತಿತ್ತು.

ಮುಂದಿನ ವರ್ಷಗಳಲ್ಲಿ ಬದಲಾಗದೆ ಉಳಿದದ್ದು ಏನು ಎಂದು ಲೆಕ್ಕ ಹಾಕಿ ನೋಡಿ. 1930ರ ದಶಕದಲ್ಲಿ ಉಕ್ಕು ಬಂತು, ಸಿಮೆಂಟು ಬಂತು. 1950ರ ದಶಕದಲ್ಲಿ ಜೋಗದ ವಿದ್ಯುತ್ತಿನ ಬಲದಿಂದ ವಿದ್ಯುತ್ ಕುಲುಮೆಗಳು ಬಂದವು. ಇದ್ದಿಲಿನ ಕಾಲ ಮುಗಿಯಿತು. 1962ರಲ್ಲಿ ಸರ್ಕಾರಿ ಇಲಾಖೆಯಂತಿದ್ದುದು ಕಂಪನಿಯಾಯಿತು. 1970ರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರು ಸೇರಿತು. 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಕೈಗೆ ಬಂದು, 1998ರಲ್ಲಿ ಅದರೊಳಗೆ ಲೀನವಾಯಿತು. ಸೌದೆ ಹೋಯಿತು, ಹೆಸರು ಹೋಯಿತು, ಒಡೆಯರು ಬದಲಾದರು, ಮೊದಲ ತಲೆಮಾರಿನ ಕೆಲಸಗಾರರು ಒಬ್ಬರೂ ಉಳಿಯಲಿಲ್ಲ. ಆದರೂ ಭದ್ರಾವತಿಯ ಜನರಿಗೆ ಅದು ನಮ್ಮ ಕಬ್ಬಿಣದ ಕಾರ್ಖಾನೆಯೇ. ವಿಶೇಷ ಬಗೆಯ ಮಿಶ್ರಲೋಹದ ಉಕ್ಕಿಗೆ ಅದು ಹೆಸರು ಮಾಡಿತ್ತು.

ಇಷ್ಟೆಲ್ಲ ಬದಲಾದರೂ ಉಳಿದು ಬಂದದ್ದು ಯಾವುದು? ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ಉಕ್ಕಿನ ತುಂಡನ್ನು ತಿರುಗುವ ಸಾಣೆಗೆ ಹಿಡಿದರೆ ಕಿಡಿ ಹಾರುತ್ತದೆ. ಇಂಗಾಲ ಕಡಿಮೆ ಇದ್ದರೆ ಕಿಡಿಗಳು ಉದ್ದನೆಯ ಗೆರೆಗಳಂತೆ ಹೋಗುತ್ತವೆ. ಹೆಚ್ಚಿದ್ದರೆ ದೀಪಾವಳಿಯ ಸುರುಸುರುಬತ್ತಿಯಂತೆ ಕವಲೊಡೆದು ಚಿಮ್ಮುತ್ತವೆ. ಇದು ಪುಸ್ತಕದಲ್ಲಿದೆ, ನಾನೂ ಓದಿದ್ದೇನೆ. ಆದರೆ ಎರಡು ತುಂಡು ಕೈಗೆ ಕೊಟ್ಟು ಯಾವುದರಲ್ಲಿ ಇಂಗಾಲ ಎಷ್ಟಿದೆ ಎಂದರೆ ನಾನು ಹೇಳಲಾರೆ. ಪಳಗಿದ ಕಣ್ಣು ಹೇಳುತ್ತದೆ. ಹಾಗೆಯೇ ಕುಲುಮೆಯೊಳಗಿನ ಲೋಹವನ್ನು ನೀಲಿ ಗಾಜಿನ ಮೂಲಕ ನೋಡಿ ಹದ ತಿಳಿಯುವ ವಿದ್ಯೆ. ಉಪಕರಣ ಉಷ್ಣತೆಯ ಅಂಕಿಯನ್ನು ಕೊಡುತ್ತದೆ. ಆ ಅಂಕಿಯನ್ನು ಯಾವಾಗ ನಂಬಬಾರದು ಎಂಬುದನ್ನು ಹಿರಿಯ ಮೇಸ್ತ್ರಿ ಪಕ್ಕದಲ್ಲಿ ನಿಂತು ಕಲಿಸಬೇಕು. ಅದಕ್ಕೆ ಇಬ್ಬರೂ ಒಂದೇ ಪಾಳಿಯಲ್ಲಿ, ಒಂದೇ ಕುಲುಮೆಯ ಮುಂದೆ, ವರ್ಷಗಟ್ಟಲೆ ಇರಬೇಕು.

ನಮ್ಮ ದೇಹವನ್ನೇ ನೋಡಿ. ರಕ್ತದ ಕೆಂಪುಕಣ ಸುಮಾರು 120 ದಿನ ಬದುಕುತ್ತದೆ. ಪ್ರತಿ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಹಳೆಯ ಕಣಗಳು ಹೋಗಿ, ಅಷ್ಟೇ ಹೊಸವು ಮಜ್ಜೆಯಿಂದ ಬರುತ್ತವೆ. ಕಣಗಳು ಸಾಯುವುದರಿಂದ ನಮಗೆ ಕಾಯಿಲೆ ಬರುವುದಿಲ್ಲ. ಹೊಸವು ಹುಟ್ಟುವುದು ನಿಂತರೆ ಬರುತ್ತದೆ.

ಈ ದೃಷ್ಟಿಯಿಂದ ಭದ್ರಾವತಿಯ ಇತ್ತೀಚಿನ ಇತಿಹಾಸವನ್ನು ಓದಿದರೆ ನೋವಾಗುತ್ತದೆ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ಕಾಗದದ ಮೇಲೆ ಕನ್ನಡ ಪತ್ರಿಕೆಗಳು ಅಚ್ಚಾಗುತ್ತಿದ್ದವು. 2015ರಲ್ಲಿ ಅಲ್ಲಿ ಉತ್ಪಾದನೆ ನಿಂತಿತು, ನಂತರ ಕೆಲಸಗಾರರು ಸ್ವಯಂ ನಿವೃತ್ತಿ ಪಡೆದರು. ಪೇಪರ್ ಟೌನ್ ಎಂಬ ಹೆಸರು ಇದೆ, ಪೇಪರ್ ಇಲ್ಲ. ಕಬ್ಬಿಣದ ಕಾರ್ಖಾನೆಗೆ ಸ್ವಂತ ಗಣಿಯ ಕೊರತೆ, ಹಳೆಯ ಯಂತ್ರಗಳು, ಬಂಡವಾಳದ ಅಭಾವ ಎಲ್ಲವೂ ಒಟ್ಟಿಗೆ ಕಾಡಿದವು. ಒಮ್ಮೆ ಸಾವಿರಾರು ಕಾಯಂ ನೌಕರರಿದ್ದ ಕಡೆ ಕೆಲವು ನೂರು ಮಂದಿ ಉಳಿದರು. 2023ರ ಜನವರಿಯಲ್ಲಿ, ನೂರು ವರ್ಷ ತುಂಬಿದ ಅದೇ ತಿಂಗಳಲ್ಲಿ, ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಹೋರಾಟಕ್ಕೆ ಕುಳಿತರು. ಅದೇ ವರ್ಷದ ಆಗಸ್ಟ್‌ನಲ್ಲಿ ಒಂದು ಭಾಗದಲ್ಲಿ ಕೆಲಸ ಮತ್ತೆ ಆರಂಭವಾಯಿತು. 2024ರಲ್ಲಿ ಕೇಂದ್ರ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ಅವರು ಭೇಟಿ ನೀಡಿದಾಗ ಪುನಶ್ಚೇತನದ ಆಸೆ ಚಿಗುರಿತು.

ಹಳಬರು ಹೋಗಲೇಬಾರದು ಎಂದು ನಾನು ಹೇಳುತ್ತಿಲ್ಲ. ಹೊರದೇಶದ ತಜ್ಞರು ಹೋಗದೆ ಇದ್ದಿದ್ದರೆ ಮೈಸೂರಿನ ತರುಣರಿಗೆ ಕುಲುಮೆಯ ಮುಂದೆ ಜಾಗ ಸಿಗುತ್ತಿರಲಿಲ್ಲ. ವಿದ್ಯೆ ಗೋಡೆಯೊಳಗೇ ಇರಬೇಕೆಂದೂ ಇಲ್ಲ. ಶಿವಮೊಗ್ಗ ಮತ್ತು ಭದ್ರಾವತಿಯ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಇಂದು ಎರಕದ ಕಾರ್ಖಾನೆಗಳಿವೆ. ಕರಗಿದ ಕಬ್ಬಿಣವನ್ನು ಬಲ್ಲ ಜನರಿದ್ದ ಸೀಮೆಯಲ್ಲಿ ಆ ಕಸುಬು ಬೇರು ಬಿಟ್ಟದ್ದು ಆಶ್ಚರ್ಯವಲ್ಲ. ಹೊಸ ಯಂತ್ರಕ್ಕೆ ಬಂಡವಾಳವನ್ನು ನಾಳೆಯೂ ತರಬಹುದು, ಗಣಿಯನ್ನು ನಾಡಿದ್ದು ಮಂಜೂರು ಮಾಡಬಹುದು. ಆದರೆ ಕಲಿಸಬಲ್ಲವರು ಮತ್ತು ಕಲಿಯುವವರು ಒಟ್ಟಿಗಿರುವ ವರ್ಷಗಳು ಕಳೆದುಹೋದರೆ, ಅವನ್ನು ಯಾವ ಆದೇಶವೂ ಮರಳಿ ತರಲಾರದು. ಪುನಶ್ಚೇತನದ ಲೆಕ್ಕ ಹಾಕುವವರು ಈ ಬಾಬತ್ತನ್ನೂ ಬರೆದುಕೊಳ್ಳಲಿ.

ಆ ಹಿರಿಯರು ನನಗೆ ಕೇಳಿದ್ದೂ ಇದನ್ನೇ. ನೀವು ಯಾರಿಂದ ಕಲಿತಿರಿ ಎಂದು ನಾನು ಅವರನ್ನು ಮೊದಲೇ ವಿಚಾರಿಸಿದ್ದೆ, ಅವರು ಪ್ರೀತಿಯಿಂದ ತಮ್ಮ ಮೇಸ್ತ್ರಿಗಳನ್ನೆಲ್ಲ ನೆನೆದಿದ್ದರು. ತಮ್ಮಿಂದ ಯಾರು ಕಲಿತರು ಎಂದು ನಾನೇಕೆ ಕೇಳಲಿಲ್ಲ ಎಂಬುದು ಅವರ ಪ್ರಶ್ನೆ. ನನ್ನಲ್ಲಿ ಉತ್ತರವಿರಲಿಲ್ಲ. ನಿಮ್ಮ ಮನೆಯಲ್ಲೋ ಕಚೇರಿಯಲ್ಲೋ ಒಬ್ಬ ಹಳಬರು ನಿವೃತ್ತಿಗೆ ಹತ್ತಿರವಾಗಿದ್ದರೆ, ಓದುಗರೇ, ಹಾರ ತರುವ ಮೊದಲು ಆ ಪ್ರಶ್ನೆಯನ್ನು ಅವರಿಗೆ ಕೇಳಿ.