ಹಸುವಿನ ದಾರಿ, ಹಸಿವಿನ ದಾರಿ

ಎರಡೂ ಬದಿಗೆ ಆಳೆತ್ತರದ ಮುಳ್ಳುಬೇಲಿ ಅಥವಾ ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆ. ನಡುವೆ ಒಂದು ಕಾರು ಹಿಡಿಸುವಷ್ಟೇ ಅಗಲದ ರಸ್ತೆ. ಆ ರಸ್ತೆಯ ನಟ್ಟನಡುವೆ, ಚಕ್ರ ಹರಿಯದ ಜಾಗದಲ್ಲಿ, ಬೆಳೆದು ನಿಂತ ಹುಲ್ಲಿನ ಗೆರೆ. ಐರ್ಲೆಂಡಿನ ಹಳ್ಳಿಗಾಡಿನಲ್ಲಿ, ಅದರಲ್ಲೂ ಪಶ್ಚಿಮದ ಜಿಲ್ಲೆಗಳಲ್ಲಿ, ಎಲ್ಲಿ ನೋಡಿದರೂ ಇಂಥ ದಾರಿಗಳು. ಬೇಸಿಗೆ ಬಂತೆಂದರೆ ಯುರೋಪು, ಅಮೆರಿಕಗಳಿಂದ ಬಂದವರು ಸೈಕಲ್ಲಿನ ಇಕ್ಕೆಲಗಳಲ್ಲಿ ಚೀಲ ಇಳಿಬಿಟ್ಟುಕೊಂಡು ಇಲ್ಲಿ ದಿನಗಟ್ಟಲೆ ಸುತ್ತುತ್ತಾರೆ. ಹಸಿರು, ಕಡಲು, ಗುಡ್ಡಗಳ ಜತೆಗೆ ಅವರನ್ನು ಸೆಳೆಯುವ ಇನ್ನೊಂದು ಸಂಗತಿಯೆಂದರೆ ಅಲ್ಲಿನ ನಿಶ್ಶಬ್ದ.

ಈ ನಿಶ್ಶಬ್ದವನ್ನು ಪ್ರಕೃತಿಯ ಕೊಡುಗೆ ಎಂದುಕೊಳ್ಳುವುದು ಸುಲಭ. ಆದರೆ ಅದು ಹಾಗೆ ತಾನಾಗಿ ಬಂದದ್ದಲ್ಲ. ಅದರ ಹಿಂದೆ ಹಸುವಿದೆ, ಹಸಿವಿದೆ, ಊರು ಬಿಟ್ಟು ಹೋದ ಲಕ್ಷಾಂತರ ಜನರ ಕಥೆಯಿದೆ. ಆ ದಾರಿಗಳ ಮೇಲೆ ಸೈಕಲ್ಲು ಬಂದದ್ದು ಬಹಳ ತಡವಾಗಿ.

ಎರಡು ಹಸುಗಳ ಅಗಲ

ಐರಿಷ್ ಭಾಷೆಯಲ್ಲಿ ರಸ್ತೆಗೆ ‘ಬೋಹರ್’ ಎನ್ನುತ್ತಾರೆ. ‘ಬೋ’ ಎಂದರೆ ಹಸು. ನಾವು ಸಂಸ್ಕೃತದಿಂದ ಪಡೆದ ‘ಗೋ’ ಮತ್ತು ಈ ‘ಬೋ’ ಒಂದೇ ಮೂಲದಿಂದ ಕವಲೊಡೆದ ಪದಗಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಸಾವಿರ ವರ್ಷಕ್ಕೂ ಹಿಂದೆ, ರಾಜನೂ ಬಿಷಪ್ಪನೂ ಆಗಿದ್ದ ಕಾರ್ಮಕ್ ಎಂಬಾತನ ಹೆಸರಿನಲ್ಲಿ ಪ್ರಸಿದ್ಧವಾದ ಐರಿಷ್ ಪದಕೋಶವೊಂದು ಬೋಹರ್‌ನ ಅಗಲವನ್ನು ಅಳೆದದ್ದೂ ಹಸುವಿನಿಂದಲೇ. ಒಂದು ಹಸು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ನಿಂತರೆ ಎಷ್ಟು ಜಾಗ ಬೇಕೋ ಅಷ್ಟು. ಸಂಪತ್ತೆಂದರೆ ದನಕರುವೇ ಆಗಿದ್ದ ಸಮಾಜದಲ್ಲಿ ಇದು ಸಹಜವಾದ ಅಳತೆ. ‘ಬೊರೀನ್’ ಎಂದರೆ ಪುಟ್ಟ ಬೋಹರ್, ಅಂದರೆ ನಮ್ಮ ಹಳ್ಳಿಗಳ ಓಣಿ. ಇಂದಿಗೂ ಅಲ್ಲಿಯ ಜನ ಇಂಗ್ಲಿಷ್ ಮಾತನಾಡುವಾಗಲೂ ಇದೇ ಹೆಸರನ್ನು ಬಳಸುತ್ತಾರೆ.

18ನೇ ಶತಮಾನದಲ್ಲಿ ಗ್ರ್ಯಾಂಡ್ ಜ್ಯೂರಿ ಎಂಬ, ಭೂಮಾಲೀಕರೇ ತುಂಬಿದ್ದ ಜಿಲ್ಲಾ ಮಂಡಳಿಗಳು ರಸ್ತೆ ಮಾಡಿಸತೊಡಗಿದವು. ಖರ್ಚನ್ನು ತೆರಿಗೆಯ ರೂಪದಲ್ಲಿ ಭರಿಸಿದವರು ಭೂಮಿಯನ್ನು ಉಳುತ್ತಿದ್ದ ಗೇಣಿದಾರರು. 1776ರಿಂದ ಐರ್ಲೆಂಡಿನಲ್ಲಿ ಸಂಚರಿಸಿದ ಇಂಗ್ಲಿಷ್ ಕೃಷಿ ಲೇಖಕ ಆರ್ಥರ್ ಯಂಗ್, ಇಷ್ಟು ಬಡದೇಶದಲ್ಲಿ ಇಂಗ್ಲೆಂಡಿಗಿಂತ ಒಳ್ಳೆಯ ರಸ್ತೆಗಳಿರುವುದನ್ನು ಕಂಡು ಬೆರಗಾಗಿದ್ದ. ರಸ್ತೆ ಚೆನ್ನಾಗಿತ್ತು, ಅದರ ಬದಿಯ ಗುಡಿಸಲಿನ ಬದುಕು ಚೆನ್ನಾಗಿರಲಿಲ್ಲ.

ಎಲ್ಲಿಗೂ ಹೋಗದ ರಸ್ತೆಗಳು

1845ರಲ್ಲಿ ಆಲೂಗಡ್ಡೆ ಬೆಳೆಗೆ ಅಂಗಮಾರಿ ರೋಗ ತಗುಲಿತು. ಆಲೂಗಡ್ಡೆಯನ್ನೇ ನಂಬಿಕೊಂಡಿದ್ದ ಬಡವರ ಮನೆಗಳಲ್ಲಿ ಒಲೆ ಆರಿತು. ಬ್ರಿಟಿಷ್ ಸರ್ಕಾರ ಧಾನ್ಯವನ್ನು ಪುಕ್ಕಟೆ ಕೊಡಲು ಒಪ್ಪಲಿಲ್ಲ. ಕೆಲಸ ಮಾಡಿ ಕೂಲಿ ಪಡೆಯಲಿ ಎಂದಿತು. 1847ರ ಮಾರ್ಚ್ ಹೊತ್ತಿಗೆ 7 ಲಕ್ಷಕ್ಕೂ ಹೆಚ್ಚು ಜನ ಬರಗಾಲದ ಕಾಮಗಾರಿಗಳಲ್ಲಿದ್ದರು. ಇವುಗಳಲ್ಲಿ ಬಹುಪಾಲು ರಸ್ತೆ ಕೆಲಸ. ಹೊಟ್ಟೆಗಿಲ್ಲದವರು ಚಳಿಗಾಲದಲ್ಲಿ ಕಲ್ಲು ಒಡೆದರು, ಹೊತ್ತರು, ಕೆಲವರು ಅಲ್ಲೇ ಸತ್ತರು. ಉಪಯೋಗಕ್ಕಿಂತ ಕೂಲಿ ಕೊಡುವ ನೆಪವೇ ಮುಖ್ಯವಾದ್ದರಿಂದ ಕೆಲವು ರಸ್ತೆಗಳು ಗುಡ್ಡದ ಮೇಲೋ ಜೌಗು ನೆಲದಲ್ಲೋ ಹಠಾತ್ತನೆ ಮುಗಿದುಹೋಗುತ್ತವೆ. ಇವನ್ನು ಅಲ್ಲಿ ಇಂದಿಗೂ ‘ಬರಗಾಲದ ರಸ್ತೆ’ ಎಂದೇ ಕರೆಯುತ್ತಾರೆ. 1876-78ರ ಭೀಕರ ಬರದಲ್ಲಿ ದಕ್ಷಿಣ ಭಾರತದ ಜನರ ಮುಂದೆ ಅದೇ ಸಾಮ್ರಾಜ್ಯ ಇಟ್ಟದ್ದೂ ಇಂಥದೇ ಕಾಮಗಾರಿಗಳನ್ನು.

ಈ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಅಥವಾ ಇನ್ನೂ ಹೆಚ್ಚು ಜನ ಹಡಗು ಹತ್ತಿದರು. 1841ರಲ್ಲಿ ಸುಮಾರು 82 ಲಕ್ಷವಿದ್ದ ದ್ವೀಪದ ಜನಸಂಖ್ಯೆ 1851ರಲ್ಲಿ ಸುಮಾರು 65 ಲಕ್ಷಕ್ಕೆ ಇಳಿಯಿತು. ಕ್ಷಾಮ ಮುಗಿದರೂ ವಲಸೆ ಮುಗಿಯಲಿಲ್ಲ. ಲೀಟ್ರಿಂ ಎಂಬ ಒಂದೇ ಜಿಲ್ಲೆಯ ಲೆಕ್ಕ ನೋಡಿದರೆ ಸಾಕು: 1841ರಲ್ಲಿ ಸುಮಾರು 1 ಲಕ್ಷ 55 ಸಾವಿರ ಜನ, 1996ರಲ್ಲಿ ಸುಮಾರು 25 ಸಾವಿರ, 2022ರಲ್ಲಿ ಸುಮಾರು 35 ಸಾವಿರ. ದಾರಿಗಳು ಉಳಿದವು, ನಡೆಯುವವರು ಹೋದರು. ಇಂದು ಸೈಕಲ್ ಸವಾರ ಮೆಚ್ಚುವ ನಿಶ್ಶಬ್ದದ ಮೊದಲ ಕಾರಣ ಇದು. ಬೊರೀನ್‌ಗಳ ಬದಿಯಲ್ಲಿ ಅಲ್ಲಲ್ಲಿ ಕಾಣುವ, ಸೂರಿಲ್ಲದ ಕಲ್ಲಿನ ಗೋಡೆಗಳು ಒಂದು ಕಾಲದ ಮನೆಗಳು.

ಗಾಳಿ ತುಂಬಿದ ಚಕ್ರ

ಇಂಥ ದಾರಿಗಳಲ್ಲಿ ಆರಂಭದ ಸೈಕಲ್ ಸವಾರಿ ಸುಖದ್ದೇನೂ ಆಗಿರಲಿಲ್ಲ. ಗಟ್ಟಿ ರಬ್ಬರಿನ ಚಕ್ರ ಪ್ರತಿ ಕಲ್ಲಿನ ಪೆಟ್ಟನ್ನೂ ಸವಾರನ ಬೆನ್ನುಮೂಳೆಗೆ ಮುಟ್ಟಿಸುತ್ತಿತ್ತು. ಇದಕ್ಕೆ ಪರಿಹಾರ ಹುಟ್ಟಿದ್ದೂ ಐರ್ಲೆಂಡಿನಲ್ಲೇ ಎಂಬುದು ಗಮನಾರ್ಹ. ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯನಾಗಿದ್ದ ಸ್ಕಾಟ್ಲೆಂಡ್ ಮೂಲದ ಜಾನ್ ಬಾಯ್ಡ್ ಡನ್‌ಲಪ್, ಮಗನ ಮೂರು ಚಕ್ರದ ಸೈಕಲ್ಲು ಕುಲುಕದಂತೆ ಮಾಡಲು ರಬ್ಬರ್ ಕೊಳವೆಯಲ್ಲಿ ಗಾಳಿ ತುಂಬಿ ಚಕ್ರಕ್ಕೆ ಸುತ್ತಿದ. 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ರಾಬರ್ಟ್ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡಿನವ 1840ರ ದಶಕದಲ್ಲೇ ಇಂಥ ಚಕ್ರಕ್ಕೆ ಪೇಟೆಂಟ್ ಪಡೆದಿದ್ದನೆಂದು ಮುಂದೆ ತಿಳಿದುಬಂದು ಡನ್‌ಲಪ್‌ನ ಹಕ್ಕು ರದ್ದಾಯಿತು. ಹೆಸರು ಮಾತ್ರ ಉಳಿಯಿತು.

1889ರ ಮೇ ತಿಂಗಳಲ್ಲಿ ಬೆಲ್‌ಫಾಸ್ಟಿನಲ್ಲಿ ನಡೆದ ಪಂದ್ಯಗಳಿಗೆ ವಿಲಿಯಂ ಹ್ಯೂಮ್ ಎಂಬ ಸವಾರ ಈ ದಪ್ಪ ಚಕ್ರದ ಸೈಕಲ್ಲಿನೊಂದಿಗೆ ಬಂದು ಗೆದ್ದ. ಅದೇ ವರ್ಷ ಡಬ್ಲಿನ್ನಿನಲ್ಲಿ ಗಾಳಿ ಟೈರಿನ ಕಂಪನಿ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಗಟ್ಟಿ ರಬ್ಬರಿನ ಚಕ್ರ ಮೂಲೆ ಸೇರಿತು.

ಮೊದಲು ಉಳ್ಳವರ ಶೋಕಿಯಾಗಿದ್ದ ಸೈಕಲ್ಲು 20ನೇ ಶತಮಾನದಲ್ಲಿ ಬೆಲೆ ಇಳಿದಂತೆ ಹಳ್ಳಿಯ ಮನೆಮನೆಗೂ ಬಂತು. ಚರ್ಚಿಗೆ, ಸಂತೆಗೆ, ಕುಣಿತದ ಮನೆಗೆ ಎಲ್ಲಕ್ಕೂ ಅದೇ. 1919-21ರ ಸ್ವಾತಂತ್ರ್ಯ ಸಮರದಲ್ಲಿ ಹೋರಾಟಗಾರರ ಪತ್ರಗಳನ್ನು ಹಳ್ಳಿಯಿಂದ ಹಳ್ಳಿಗೆ ಮುಟ್ಟಿಸಿದವರಲ್ಲಿ ಸೈಕಲ್ ತುಳಿದ ಯುವತಿಯರೂ ಇದ್ದರು. ಎರಡನೆಯ ಮಹಾಯುದ್ಧದಲ್ಲಿ ತಟಸ್ಥವಾಗಿದ್ದ ಐರ್ಲೆಂಡಿಗೆ ಪೆಟ್ರೋಲ್ ಬರುವುದು ಕಡಿಮೆಯಾಗಿ ಖಾಸಗಿ ಕಾರುಗಳು ಬಹುತೇಕ ಕಣ್ಮರೆಯಾದವು. ರಸ್ತೆ ಮತ್ತೆ ಸೈಕಲ್ಲಿನದಾಯಿತು. ಲೇಖಕ ಫ್ಲಾನ್ ಒಬ್ರಿಯನ್ 1940ರ ಸುಮಾರಿಗೆ ಬರೆದು, ಅವನು ಸತ್ತ ಮೇಲೆ 1967ರಲ್ಲಿ ಪ್ರಕಟವಾದ ಒಂದು ಕಾದಂಬರಿಯಲ್ಲಿ ವಿಚಿತ್ರ ಸಿದ್ಧಾಂತವೊಂದಿದೆ. ಒರಟು ರಸ್ತೆಯಲ್ಲಿ ಸೈಕಲ್ ತುಳಿದೂ ತುಳಿದೂ ಸವಾರನ ಕಣಗಳು ಸೈಕಲ್ಲಿಗೂ ಸೈಕಲ್ಲಿನ ಕಣಗಳು ಸವಾರನಿಗೂ ಸೇರಿ, ಊರಿನವರು ಅರ್ಧಂಬರ್ಧ ಸೈಕಲ್ಲೇ ಆಗಿಬಿಟ್ಟಿದ್ದಾರಂತೆ! ನಗೆ ತರಿಸುವ ಈ ಕಲ್ಪನೆಗೆ ಆ ಕಾಲದ ಹಳ್ಳಿ ಬದುಕೇ ಆಧಾರ.

ಲಿಸ್ಮೋರ್‌ನಿಂದ ಕೊಡಗಿಗೆ

ದಕ್ಷಿಣದ ವಾಟರ್‌ಫರ್ಡ್ ಜಿಲ್ಲೆಯ ಲಿಸ್ಮೋರ್ ಊರಿನ ಡರ್ವ್ಲಾ ಮರ್ಫಿ ಎಂಬ ಹುಡುಗಿಗೆ 1941ರಲ್ಲಿ, ಹತ್ತನೆಯ ಹುಟ್ಟುಹಬ್ಬಕ್ಕೆ, ಎರಡು ಉಡುಗೊರೆ ಸಿಕ್ಕವು: ಒಂದು ಹಳೆಯ ಸೈಕಲ್ಲು, ಒಂದು ಭೂಪಟದ ಪುಸ್ತಕ. ಕೆಲವೇ ದಿನಗಳ ನಂತರ ಊರ ಬಳಿಯ ಏರೊಂದನ್ನು ತುಳಿಯುತ್ತ ತನ್ನ ಕಾಲುಗಳನ್ನೇ ನೋಡಿದ ಆಕೆಗೆ, ಹೀಗೆಯೇ ತುಳಿಯುತ್ತ ಹೋದರೆ ಇಂಡಿಯಾ ತಲುಪಬಹುದಲ್ಲ ಎನ್ನಿಸಿತು.

ಆದರೆ ಹದಿನಾಲ್ಕಕ್ಕೆ ಶಾಲೆ ಬಿಡಬೇಕಾಯಿತು. ಕೀಲುನೋವಿನ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ತಾಯಿಯ ಆರೈಕೆಗೆ ಬೇರೆ ಯಾರೂ ಇರಲಿಲ್ಲ. ವರ್ಷಗಟ್ಟಲೆ ಆಕೆಗೆ ಸಿಕ್ಕ ಸ್ವಾತಂತ್ರ್ಯವೆಂದರೆ ಬಿಡುವಿನಲ್ಲಿ ಸೈಕಲ್ ಏರಿ ಸುತ್ತಮುತ್ತಲ ದಾರಿಗಳಲ್ಲಿ ತಿರುಗುವುದು. 1962ರಲ್ಲಿ ತಾಯಿ ತೀರಿಕೊಂಡರು. 1963ರ ಜನವರಿಯಲ್ಲಿ ‘ರೋಜ್’ ಎಂದು ಹೆಸರಿಟ್ಟ ಸೈಕಲ್ಲಿನೊಂದಿಗೆ ಡರ್ವ್ಲಾ ಹೊರಟರು. ಯುರೋಪಿನ ಹಿಮ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಆ ಬೇಸಿಗೆಯಲ್ಲಿ ದೆಹಲಿ ಮುಟ್ಟಿದರು. ಹತ್ತು ವರ್ಷಗಳ ನಂತರ ಐದು ವರ್ಷದ ಮಗಳು ರೇಚಲ್‌ಳನ್ನು ಕರೆದುಕೊಂಡು ಮತ್ತೆ ಭಾರತಕ್ಕೆ ಬಂದು ಕೊಡಗಿನಲ್ಲಿ ನೆಲೆಸಿದ್ದರು. ಆ ಅನುಭವದ ಪುಸ್ತಕ 1976ರಲ್ಲಿ ಪ್ರಕಟವಾಯಿತು. ಅದರ ಹೆಸರಿನಲ್ಲೇ ಕೊಡಗು ಇದೆ. ಲೋಕವೆಲ್ಲ ಸುತ್ತಿದ ಈ ಲೇಖಕಿ 2022ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಲಿಸ್ಮೋರ್‌ನಲ್ಲೇ ಕೊನೆಯುಸಿರೆಳೆದರು.

ಕ್ರೀಡೆಯಲ್ಲೂ ಈ ದಾರಿಗಳ ಫಲ ಕಾಣುತ್ತದೆ. ಕ್ಯಾರಿಕ್-ಆನ್-ಶೂರ್ ಪಟ್ಟಣದ ಬಳಿಯ ರೈತ ಕುಟುಂಬದ ಶಾನ್ ಕೆಲಿ, ಪ್ಯಾರಿಸ್-ನೀಸ್ ಪಂದ್ಯವನ್ನು 1982ರಿಂದ 1988ರವರೆಗೆ ಸತತ ಏಳು ಬಾರಿ ಗೆದ್ದರು.

ಶವ ಹೊತ್ತ ರೈಲು

ಕಾರುಗಳು ಹೆಚ್ಚಿದಂತೆ ಹಳ್ಳಿ ರಸ್ತೆಯ ಸ್ವರೂಪವೂ ಬದಲಾಗಿದೆ. ಬೇಲಿಯ ಮರೆಯ ತಿರುವಿನಲ್ಲಿ ವೇಗವಾಗಿ ಬರುವ ಕಾರು, ಇಬ್ಬರೂ ಸರಿಯಲು ಜಾಗವಿಲ್ಲದ ರಸ್ತೆ. ಇದು ಇಂದು ಅಲ್ಲಿ ಸೈಕಲ್ ತುಳಿಯುವವರ ಭಯ. ಹೀಗಾಗಿ ವಾಹನಗಳಿಲ್ಲದ ಪ್ರತ್ಯೇಕ ಹಸಿರುದಾರಿಗಳು ಹುಟ್ಟಿಕೊಂಡಿವೆ. ಮೇಯೋ ಜಿಲ್ಲೆಯಲ್ಲಿ ವೆಸ್ಟ್‌ಪೋರ್ಟ್‌ನಿಂದ ಅಕಿಲ್‌ವರೆಗಿನ 42 ಕಿ.ಮೀ. ದಾರಿ ಅಂಥದು. 2011ರಲ್ಲಿ ಪೂರ್ಣಗೊಂಡ ಇದು ಮುಚ್ಚಿಹೋದ ರೈಲುಮಾರ್ಗದ ಮೇಲಿದೆ.

ಆ ರೈಲಿನ ಚರಿತ್ರೆ ಕೇಳಿದರೆ ಮನಸ್ಸು ಭಾರವಾಗುತ್ತದೆ. ಅಕಿಲ್ ದ್ವೀಪದ ಬಡವರು ಪ್ರತಿವರ್ಷ ಆಲೂಗಡ್ಡೆ ಕೀಳುವ ಕೂಲಿಗೆ ಸ್ಕಾಟ್ಲೆಂಡಿಗೆ ಹೋಗುತ್ತಿದ್ದರು. 1894ರ ಜೂನ್‌ನಲ್ಲಿ ಹಾಗೆ ಹೊರಟ 30ಕ್ಕೂ ಹೆಚ್ಚು ಜನ ದೋಣಿ ಮಗುಚಿ ಸತ್ತರು. ಮಾರ್ಗ ವಿಧ್ಯುಕ್ತವಾಗಿ ಉದ್ಘಾಟನೆಯಾಗುವ ಮೊದಲೇ ವಿಶೇಷ ರೈಲೊಂದು ಅವರ ಶವಗಳನ್ನು ಊರಿಗೆ ತಂದಿತು. 1937ರಲ್ಲಿ ಸ್ಕಾಟ್ಲೆಂಡಿನ ಕರ್ಕಿಂಟಿಲಾಕ್‌ನಲ್ಲಿ ಕೂಲಿಗಳು ಮಲಗಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು ಅಕಿಲ್‌ನ ಹತ್ತು ಮಂದಿ ಹುಡುಗರು ಸುಟ್ಟುಹೋದರು. ಅವರ ಶವಪೆಟ್ಟಿಗೆಗಳೂ ಅದೇ ಹಳಿಯ ಮೇಲೆ ಬಂದವು. ಅದಾದ ಕೆಲವೇ ದಿನಗಳಲ್ಲಿ ಮಾರ್ಗ ಶಾಶ್ವತವಾಗಿ ಮುಚ್ಚಿತು. ಇಂದು ಮಕ್ಕಳು ಹಾಡುತ್ತ ಸೈಕಲ್ ತುಳಿಯುವುದು ಆ ಹಾದಿಯಲ್ಲಿ.

ಈಗ ಐರ್ಲೆಂಡ್ ಗಣರಾಜ್ಯಕ್ಕೆ ಜನ ಮರಳುತ್ತಿದ್ದಾರೆ, ಹೊಸಬರೂ ಬರುತ್ತಿದ್ದಾರೆ. ಅಲ್ಲಿನ ಜನಸಂಖ್ಯೆ 2022ರ ಗಣತಿಯಲ್ಲಿ 51 ಲಕ್ಷ ದಾಟಿದೆ. ಆ ಭೂಭಾಗದಲ್ಲಿ 1851ರ ನಂತರದ ಗಣತಿಗಳಲ್ಲಿ 50 ಲಕ್ಷ ದಾಟಿದ್ದು ಇದೇ ಮೊದಲು. 2025ರ ಫೆಬ್ರುವರಿ 7ರಿಂದ ಹಳ್ಳಿಗಾಡಿನ ಸ್ಥಳೀಯ ರಸ್ತೆಗಳ ವೇಗದ ಮಿತಿಯನ್ನು ಗಂಟೆಗೆ 80 ಕಿ.ಮೀ.ನಿಂದ 60ಕ್ಕೆ ಇಳಿಸಲಾಗಿದೆ. ಇದು ಸಣ್ಣ ಬದಲಾವಣೆಯೆನಿಸಬಹುದು. ಆದರೆ ಇದುವರೆಗೆ ಆ ದಾರಿಗಳ ನಿಶ್ಶಬ್ದ ಜನ ಊರು ಬಿಟ್ಟದ್ದರಿಂದ ಉಳಿದದ್ದು. ಇನ್ನು ಮುಂದೆ ಅದು ಉಳಿಯಬೇಕಾದರೆ ಊರಿನಲ್ಲಿ ಇರುವ ಜನರೇ ವೇಗ ತಗ್ಗಿಸಿ ಉಳಿಸಿಕೊಳ್ಳಬೇಕು. ಎರಡು ಹಸುಗಳ ಅಗಲದ ದಾರಿಯಲ್ಲಿ ಕಾರಿಗೂ ಸೈಕಲ್ಲಿಗೂ ಜಾಗವಾಗಬೇಕಾದರೆ ಬೇರೆ ಉಪಾಯವಿಲ್ಲ.