ಮಂತ್ರಿ ರಾಣಿಯಾದ ಕಥೆ

ಅಜ್ಜನ ಜೊತೆ ಚೆಸ್ ಆಡೋಕೆ ಕೂತರೆ ಪ್ರತಿಸಲ ಒಂದೇ ಜಗಳ. ನಾನು "ಕ್ವೀನ್ ಹೋಯ್ತು ಅಜ್ಜಾ" ಅಂದ್ರೆ, ಅವರು "ಕ್ವೀನ್ ಅಲ್ಲ ಕಣೋ, ಮಂತ್ರಿ" ಅಂತಾರೆ. ನಿಮ್ಮ ಮನೇಲೂ ಹೀಗೇನಾ? ಹಾಗಾದ್ರೆ ಪೂರ್ತಿ ಓದಿ. ಯಾಕಂದ್ರೆ ಇಬ್ಬರೂ ಸರಿ.

1. ಮೊದಲು ಮಂತ್ರಿ

ಸುಮಾರು 6ನೇ ಶತಮಾನದ ಹೊತ್ತಿಗೆ ನಮ್ಮ ದೇಶದಲ್ಲಿ ಆಡುತ್ತಿದ್ದ ಚತುರಂಗದಲ್ಲಿ ರಾಜನ ಪಕ್ಕ ನಿಂತಿದ್ದು ಮಂತ್ರಿ. ಆಟ ಪರ್ಷಿಯಾಕ್ಕೆ ಹೋಯ್ತು, ಅಲ್ಲಿಂದ ಅರಬರ ಕೈಗೆ. ಅಲ್ಲೂ ಆ ಕಾಯಿ ಮಂತ್ರಿಯೇ, ಹೆಸರು ಮಾತ್ರ ಫರ್ಜಿನ್, ಫಿರ್ಜಾನ್ ಅಂತ ಆಯ್ತು.

ಆದರೆ ಇವನ ಪವರ್ ಎಷ್ಟು ಗೊತ್ತಾ? ಕ್ರಾಸ್ ಆಗಿ ಒಂದೇ ಒಂದು ಮನೆ! ಬೋರ್ಡ್ ಮಧ್ಯದಲ್ಲಿ ನಿಂತರೂ ಹೋಗೋಕೆ 4 ಮನೆ ಅಷ್ಟೇ. ಇವತ್ತಿನ ಕ್ವೀನ್‌ಗೆ ಅದೇ ಜಾಗದಿಂದ, ಬೋರ್ಡ್ ಖಾಲಿ ಇದ್ರೆ, 27 ಮನೆ.

2. ಯುರೋಪ್‌ನಲ್ಲಿ ಹೆಸರು ಬದಲಾಯ್ತು

ಸ್ವಿಟ್ಜರ್‌ಲ್ಯಾಂಡ್‌ನ ಐನ್‌ಸೀಡೆಲ್ನ್ ಅನ್ನೋ ಕ್ರೈಸ್ತ ಮಠದಲ್ಲಿ ಸಿಕ್ಕಿದ, ಸುಮಾರು 997ರ ಲ್ಯಾಟಿನ್ ಪದ್ಯವೊಂದರಲ್ಲಿ ಈ ಕಾಯಿಯನ್ನು 'ರೆಜಿನಾ' ಅಂದರೆ ರಾಣಿ ಎಂದು ಕರೆದಿದ್ದಾರೆ. ಚೆಸ್ ರಾಣಿಯ ಬಗ್ಗೆ ನಮಗೆ ಗೊತ್ತಿರೋ ಮೊದಲ ಬರಹ ಇದೇ.

ಅದಕ್ಕೆ ಕೆಲವು ವರ್ಷ ಮುಂಚೆ ಜರ್ಮನ್ ದೊರೆ 3ನೇ ಓಟೋ ಇನ್ನೂ ಮಗು. ಅವನ ಪರವಾಗಿ ಮೊದಲು ತಾಯಿ ಥಿಯೊಫಾನು, ಆಮೇಲೆ ಅಜ್ಜಿ ಅಡೆಲೈಡ್ ರಾಜ್ಯ ನಡೆಸಿದ್ದರು. ರಾಜನ ಪಕ್ಕ ರಾಣಿ ಇರೋದು ಅಲ್ಲಿನ ಜನಕ್ಕೆ ಸಹಜವಾಗಿಯೇ ಕಂಡಿರಬೇಕು.

ಆದ್ರೆ ಗಮನಿಸಿ, ಹೆಸರು ರಾಣಿ ಆದರೂ ನಡೆ ಇನ್ನೂ ಹಳೇ ಮಂತ್ರಿಯದ್ದೇ. ಪಟ್ಟ ಸಿಕ್ತು, ಅಧಿಕಾರ ಸಿಗಲಿಲ್ಲ. ಅದಕ್ಕೆ ಸುಮಾರು 500 ವರ್ಷ ಕಾಯಬೇಕಾಯ್ತು.

3. ವೇಲೆನ್ಸಿಯಾದ ಪದ್ಯ

ಸುಮಾರು 1475ರಲ್ಲಿ ಸ್ಪೇನಿನ ವೇಲೆನ್ಸಿಯಾದಲ್ಲಿ ಮೂವರು ಕವಿಗಳು ಸೇರಿ 'ಸ್ಕಾಕ್ಸ್ ದಾಮೋರ್' ಎಂಬ ಪದ್ಯ ಬರೆದರು. 64 ಮನೆಗೆ ಸರಿಯಾಗಿ 64 ಚರಣ. ಅದರೊಳಗೆ ಒಂದು ಇಡೀ ಚೆಸ್ ಆಟ ಇದೆ, ಮತ್ತು ಅದರಲ್ಲಿ ರಾಣಿ ಇವತ್ತಿನ ಹಾಗೇ ಓಡಾಡ್ತಾಳೆ. 1497ರಲ್ಲಿ ಲುಸೆನಾ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಹಳೇ ಆಟ, ಹೊಸ ಆಟ ಎರಡೂ ಇವೆ.

ಹೊಸ ನಿಯಮದಿಂದ ಆಟದ ಸ್ಪೀಡೇ ಬದಲಾಯ್ತು. ಎರಡೇ ನಡೆಯಲ್ಲಿ ಚೆಕ್‌ಮೇಟ್ ಆಗುತ್ತಲ್ಲ, ಅದು ಹಳೇ ಮಂತ್ರಿಯಿಂದ ಆಗದ ಮಾತು. ಕೊನೆ ಮನೆ ಮುಟ್ಟಿದ ಕಾಲಾಳು ಮೊದಲು ಆಗ್ತಿದ್ದದ್ದು ಆ ಬಡಪಾಯಿ ಮಂತ್ರಿ. ಈಗ ಬೋರ್ಡ್‌ನ ಅತಿ ಬಲಶಾಲಿ ಕಾಯಿ ಆಗಬಹುದು!

4. ಇಸಾಬೆಲ್ಲಾ ಕಾರಣಾನಾ?

ರೀಲ್ಸ್‌ಗಳಲ್ಲಿ ನೋಡಿರ್ತೀರ: "ಸ್ಪೇನಿನ ರಾಣಿ ಇಸಾಬೆಲ್ಲಾಗೋಸ್ಕರ ಕ್ವೀನ್‌ಗೆ ಪವರ್ ಕೊಟ್ಟರು" ಅಂತ. ಕೇಳೋಕೆ ಚೆನ್ನಾಗಿದೆ, ನಾನೂ ನಂಬಿದ್ದೆ. ಆದರೆ ಅವಳು ಕ್ಯಾಸ್ಟೀಲ್‌ಗೆ ರಾಣಿಯಾಗಿದ್ದು 1474ರಲ್ಲಿ, ಪದ್ಯಕ್ಕೆ ಒಂದು ವರ್ಷ ಮುಂಚೆ ಅಷ್ಟೇ. ವೇಲೆನ್ಸಿಯಾ ಆಗ ಅವಳ ಮಾವನ ಆರಗಾನ್ ರಾಜ್ಯಕ್ಕೆ ಸೇರಿತ್ತು. ಜೊತೆಗೆ ಅದೇ ಹೊತ್ತಿಗೆ ಬಿಷಪ್‌ಗೂ, ಅಂದ್ರೆ ನಮ್ಮ ಒಂಟೆಗೂ, ಉದ್ದದ ನಡೆ ಬಂತು. ಅದಕ್ಕೆ ಯಾವ ರಾಣಿ ಕಾರಣ? ನಿಧಾನದ ಆಟವನ್ನು ಚುರುಕು ಮಾಡಬೇಕು ಅನ್ನೋ ಆಸೆಯೂ ದೊಡ್ಡ ಕಾರಣ ಅಂತ ನನಗನ್ಸುತ್ತೆ.

5. ನನಗೆ ಚುಚ್ಚಿದ ವಿಷಯ

ಈ ಹೊಸ ಆಟಕ್ಕೆ ಫ್ರೆಂಚರು ಇಟ್ಟ ಹೆಸರಿನ ಅರ್ಥ ಏನು ಗೊತ್ತಾ? 'ಹುಚ್ಚೆದ್ದ ರಾಣಿಯ ಚೆಸ್'. ಇಟಲಿಯಲ್ಲೂ ಹೆಚ್ಚುಕಡಿಮೆ ಅದೇ ಹೆಸರು. ಆನೆ ಮೊದಲಿಂದಲೂ ಬೋರ್ಡ್‌ನ ಈ ತುದಿಯಿಂದ ಆ ತುದಿಗೆ ಹೋಗ್ತಿತ್ತು, ಅದಕ್ಕೆ ಯಾರೂ ಹುಚ್ಚು ಅನ್ನಲಿಲ್ಲ. ಬಿಷಪ್‌ಗೂ ಅನ್ನಲಿಲ್ಲ. ರಾಣಿ ಓಡಿದ ತಕ್ಷಣ ಹುಚ್ಚಿ! 500 ವರ್ಷ ಕಳೆದಿದೆ, ನಮ್ಮ ಕ್ಲಾಸಲ್ಲಿ ಜೋರಾಗಿ ಮಾತಾಡೋ ಹುಡುಗೀರಿಗೆ ನಾವು ಏನಂತೀವಿ, ಸ್ವಲ್ಪ ಯೋಚಿಸಿ.

ಅಜ್ಜನಿಗೆ ಇದನ್ನೆಲ್ಲ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಸರಿ, ರಾಣೀನೇ ಅನ್ನು. ಆದ್ರೆ ಈಗ ನಿಂದು ಹೋಯ್ತು ನೋಡು" ಅಂದ್ರು.

ನಿಮ್ಮ ಮನೇಲಿ ಏನಂತಾರೆ, ಮಂತ್ರಿನಾ, ರಾಣಿನಾ? ಕಾಮೆಂಟಲ್ಲಿ ಹೇಳಿ.

#ಚದುರಂಗ #ಇತಿಹಾಸ #ಕನ್ನಡ