ಕಬ್ಬಿನ ದ್ವೀಪದಲ್ಲಿ ಅವ್ವನೊಡನೆ

ವಿಮಾನವು ಪ್ಲೇಸಾನ್ಸಿನ ನಿಲ್ದಾಣಕ್ಕೆ ಇಳಿಯುವ ಮುನ್ನ ಒಮ್ಮೆ ಓರೆಯಾಗಿ ಹೊರಳಿದಾಗ, ಹವಳದ ದಿಬ್ಬಗಳಿಗೆ ಬಡಿದು ಬೆಳ್ಳಗೆ ಒಡೆಯುತ್ತಿದ್ದ ತೆರೆಗಳ ಸಾಲನ್ನೂ ಅದರೊಳಗಿನ ನಿಶ್ಚಲವಾದ ಹಸಿರುಗೂಡಿದ ನೀಲಿಯನ್ನೂ ಕಂಡು ನಾನು ಮೈಮರೆತಿದ್ದೆನು. ನನ್ನ ಭುಜದ ಮೇಲಿಂದ ಇಣುಕಿದ ಅವ್ವನಿಗೆ ಕಂಡದ್ದು ಬೇರೆಯೇ. “ಇದೇನ್ಲಾ ಮಗ, ಇಲ್ಲೂ ಕಬ್ಬೇ?” ಎಂದಳು.

ಮಂಡ್ಯದ ಸೀಮೆಯಲ್ಲಿ ಹುಟ್ಟಿ, ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಗದ್ದೆಗಳ ನಡುವೆ ಬೆಳೆದು, ತವರಿನ ಆಲೆಮನೆಯ ಕೊಪ್ಪರಿಗೆಯ ಮುಂದೆ ಬಾಲ್ಯವನ್ನು ಕಳೆದ ಆಕೆಗೆ, ಜೀವಮಾನದಲ್ಲಿ ಒಮ್ಮೆಯಾದರೂ ಕಬ್ಬಿಲ್ಲದ ಊರನ್ನು ತೋರಿಸಬೇಕೆಂಬುದು ನನ್ನ ಸಂಕಲ್ಪವಾಗಿತ್ತು. ಸಮುದ್ರವೆಂದರೆ ಮಳಲು, ಮಳಲೆಂದರೆ ವಿಶ್ರಾಂತಿ ಎಂದು ನಂಬಿ, ಹಿಂದೂ ಮಹಾಸಾಗರದ ನಡುವೆ ಇರುವ ಮಾರಿಷಸ್ ದ್ವೀಪವನ್ನು ಆರಿಸಿಕೊಂಡ ನನ್ನ ಜಾಣತನವು, ನಿಲ್ದಾಣದ ಬಾಗಿಲಿನಿಂದ ಹೋಟೆಲಿನ ಬಾಗಿಲಿನವರೆಗೆ ರಸ್ತೆಯ ಎರಡು ಮಗ್ಗುಲಿಗೂ ಆಳೆತ್ತರಕ್ಕೆ ನಿಂತಿದ್ದ ಕಬ್ಬಿನ ತೋಟಗಳ ಮುಂದೆ ನಗೆಪಾಟಲಾಯಿತು. ಅವ್ವನಿಗಾದರೋ ಪರದೇಶಕ್ಕೆ ಬಂದ ಅಳುಕು ಆ ಕ್ಷಣದಲ್ಲಿಯೇ ಹೋಯಿತು. ಅಲ್ಲಲ್ಲಿ ಜಲ್ಲೆಗಳ ತುದಿಯಲ್ಲಿ ಬೂದುಬಣ್ಣದ ಸೂಲಂಗಿ ತೂಗಾಡುತ್ತಿದ್ದುದನ್ನು ಕಂಡು, ಕಡಿಯುವ ಕಾಲವೆಂದು ತಾನೇ ನಿರ್ಧರಿಸಿದಳು. ಆಗಸ್ಟ್ ತಿಂಗಳು, ಅಲ್ಲಿ ನಿಜಕ್ಕೂ ಕಟಾವಿನ ಋತು.

ಈ ದ್ವೀಪಕ್ಕೆ ಮೂಲನಿವಾಸಿಗಳೆಂಬವರೇ ಇಲ್ಲ. ಅರಬ್ಬೀ ನಾವಿಕರಿಗೂ ಪೋರ್ಚುಗೀಸರಿಗೂ ಇದರ ಇರವು ತಿಳಿದಿತ್ತಾದರೂ ಅವರಾರೂ ನೆಲೆಯೂರಲಿಲ್ಲ. 1598ರಲ್ಲಿ ಬಂದಿಳಿದ ಡಚ್ಚರು ತಮ್ಮ ರಾಜಕುಮಾರನಾದ ಮೌರಿಸ್‌ನ ಹೆಸರನ್ನು ಇದಕ್ಕೆ ಇಟ್ಟರು. ಕರಿಮರವನ್ನು ಕಡಿದು ಸಾಗಿಸಿದರು. 1639ರಲ್ಲಿ ಜಾವಾದಿಂದ ಕಬ್ಬನ್ನು ತಂದು ನೆಟ್ಟರು. ಮನುಷ್ಯನನ್ನು ಕಂಡು ಹೆದರಬೇಕೆಂಬ ತಿಳಿವಳಿಕೆಯೇ ಇಲ್ಲದಿದ್ದ, ಹಾರಲಾರದ ಡೋಡೋ ಎಂಬ ದೊಡ್ಡ ಹಕ್ಕಿಯು, ಅವರ ಬೇಟೆಗೂ ಅವರ ಹಡಗುಗಳೊಡನೆ ಬಂದ ಇಲಿ, ಹಂದಿ, ಕೋತಿಗಳಿಗೂ ಆಹುತಿಯಾಗಿ ಆ ಶತಮಾನ ಮುಗಿಯುವ ಮೊದಲೇ ನಾಮಾವಶೇಷವಾಯಿತು. 1710ರಲ್ಲಿ ಡಚ್ಚರು ದ್ವೀಪವನ್ನು ಬಿಟ್ಟು ಹೋದರು. ಐದು ವರ್ಷಗಳ ತರುವಾಯ ಬಂದ ಫ್ರೆಂಚರು ಇದನ್ನು ಈಲ್ ದ ಫ್ರಾನ್ಸ್ ಎಂದು ಕರೆದರು. 1735ರಲ್ಲಿ ಅಧಿಕಾರ ವಹಿಸಿಕೊಂಡ ಲಾ ಬೂರ್ದೊನೆಯು ಪೋರ್ಟ್ ಲೂಯಿಯ ಬಂದರನ್ನು ಕಟ್ಟಿಸಿದನು. ಕಟ್ಟಿದವರು ಮಡಗಾಸ್ಕರ್ ಮತ್ತು ಪೂರ್ವ ಆಫ್ರಿಕದಿಂದ ಹಿಡಿದು ತಂದ ಗುಲಾಮರು, ಅವರ ಜೊತೆಗೆ ಪಾಂಡಿಚೇರಿಯ ಕಡೆಯಿಂದ ಬಂದ ಕುಶಲಕರ್ಮಿಗಳು.

ಪೋರ್ಟ್ ಲೂಯಿಯಲ್ಲಿ ಷಾಂ ದ ಮಾರ್ಸ್ ಎಂಬ ಕುದುರೆ ಜೂಜಿನ ಮೈದಾನವಿದೆ. ಅದರ ಒಂದು ತುದಿಯಲ್ಲಿ ನಿಂತಿರುವ ಕಲ್ಲಿನ ಸಮಾಧಿಯ ಬಳಿಗೆ ನಾನು ಅವ್ವನನ್ನು ಕರೆದೊಯ್ದುದಕ್ಕೆ, ಬಹುಮಂದಿ ಪ್ರವಾಸಿಗಳಿಗೆ ಇಲ್ಲದ ಒಂದು ಕಾರಣ ನಮಗಿತ್ತು. ಅಲ್ಲಿ ಮಲಗಿರುವವನು ಫ್ರೆಂಚ್ ಗವರ್ನರನಾದ ಮಲಾರ್ತಿಕ್. 1797ರಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕನು ಮುರುಕು ಹಡಗಿನಲ್ಲಿ ಮಂಗಳೂರಿಗೆ ಬಂದು ಸೇರಿ, ಈ ದ್ವೀಪದಲ್ಲಿ ಮಹಾಸೈನ್ಯವೊಂದು ನೆರವಿಗೆ ಸಿದ್ಧವಾಗಿ ನಿಂತಿದೆಯೆಂದು ಟಿಪ್ಪು ಸುಲ್ತಾನನನ್ನು ನಂಬಿಸಿದನು. ಅದನ್ನು ಕೇಳಿದ ಸುಲ್ತಾನನು ಇಬ್ಬರು ರಾಯಭಾರಿಗಳನ್ನು ಗುಟ್ಟಾಗಿ ಕಳುಹಿಸಿದನು. 1798ರ ಜನವರಿಯಲ್ಲಿ ಅವರು ಬಂದಿಳಿದಾಗ ಮಲಾರ್ತಿಕನ ಬಳಿ ಸೈನ್ಯವೂ ಇರಲಿಲ್ಲ, ಗುಟ್ಟನ್ನು ಕಾಯುವ ಬುದ್ಧಿಯೂ ಇರಲಿಲ್ಲ. ಇದ್ದದ್ದು ಒಂದು ಅಚ್ಚುಕೂಟ. ಜನವರಿ 30ರಂದು ಆತನು ಹೊರಡಿಸಿದ ಘೋಷಣಾಪತ್ರವು, ಆಂಗ್ಲರನ್ನು ಭಾರತದಿಂದ ಹೊರದೂಡಲು ಟಿಪ್ಪುವು ಫ್ರೆಂಚರ ನೆರವನ್ನು ಬೇಡಿದ್ದಾನೆಂದು ಊರಿಗೆಲ್ಲ ಸಾರಿ, ಸ್ವಯಂಸೇವಕರನ್ನು ಆಹ್ವಾನಿಸಿತು. ಮುಂದೆ ಬಂದವರು ನೂರು ಮಂದಿಯೂ ಇಲ್ಲ. ಏಪ್ರಿಲ್‌ನಲ್ಲಿ ಅವರು ಮಂಗಳೂರಿನಲ್ಲಿ ಇಳಿದರು. ಜೂನ್‌ನಲ್ಲಿ ಆ ಘೋಷಣಾಪತ್ರವು ಕಲ್ಕತ್ತೆಯ ಪತ್ರಿಕೆಯಲ್ಲಿ ಅಚ್ಚಾಗಿ, ಮುಂದೆ ವೆಲ್ಲೆಸ್ಲಿಯೆಂದು ಹೆಸರಾದ ಗವರ್ನರ್ ಜನರಲ್ಲನ ಕೈಸೇರಿತು. ಯುದ್ಧಕ್ಕೆ ನೆಪವನ್ನು ಹುಡುಕುತ್ತಿದ್ದವನಿಗೆ ಅದು ತಾನಾಗಿಯೇ ಮನೆಬಾಗಿಲಿಗೆ ಬಂದಂತಾಯಿತು. ಈ ಕಾಗದವಿಲ್ಲದಿದ್ದರೂ ಆತನು ಬೇರೊಂದನ್ನು ಹುಡುಕುತ್ತಿದ್ದನೆಂದೇ ನನ್ನ ಎಣಿಕೆ. ಆದಾಗ್ಯೂ 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯು ಬಿದ್ದು ಸುಲ್ತಾನನು ಮಡಿದ ಕಥೆಯಲ್ಲಿ, ಸಾವಿರಾರು ಮೈಲಿಯಾಚೆಯ ಈ ಪುಟ್ಟ ಬಂದರಿನ ಅಚ್ಚುಮೊಳೆಗಳಿಗೂ ಒಂದು ಪಾಲುಂಟು.

ಕೋಟೆಯ ಕಂದಕದಾಚೆಗಿನ ಸಂತೆಗೆ ಅಪ್ಪನ ಜೊತೆ ಬೆಲ್ಲದ ಗಾಡಿಯಲ್ಲಿ ಹೋಗುತ್ತಿದ್ದ ಅವ್ವ, ಈ ವೃತ್ತಾಂತವನ್ನೆಲ್ಲ ತಾಳ್ಮೆಯಿಂದ ಕೇಳಿ, “ಆಳು ಕೊಡೋಕಾಗದೇ ಇದ್ರೆ ಬಾಯಾದ್ರೂ ಮುಚ್ಕೊಂಡಿರಬೇಕಿತ್ತು” ಎಂದಷ್ಟೇ ಹೇಳಿ, ಸಮಾಧಿಗೆ ಬೆನ್ನು ತಿರುಗಿಸಿ, ಬೆಳಗಿನ ಓಟಕ್ಕೆ ಬಂದಿದ್ದ ಕುದುರೆಗಳನ್ನು ನೋಡುತ್ತ ನಿಂತಳು. ಮಲಾರ್ತಿಕನ ವಿಷಯದಲ್ಲಿ ಇದಕ್ಕಿಂತ ನಿಷ್ಪಕ್ಷಪಾತವಾದ ತೀರ್ಪನ್ನು ನಾನು ಓದಿದವನಲ್ಲ.

ಆಂಗ್ಲರು 1810ರಲ್ಲಿ ದ್ವೀಪವನ್ನು ಗೆದ್ದುಕೊಂಡರು. ಗೆಲ್ಲಲು ಬಂದ ಸೇನೆಯಲ್ಲಿ ಬಂಗಾಳ, ಮದರಾಸುಗಳ ಸಿಪಾಯಿಗಳೂ ಇದ್ದರು. 1825ರಲ್ಲಿ ಇಲ್ಲಿಯ ಸಕ್ಕರೆಗೆ ಇಂಗ್ಲೆಂಡಿನಲ್ಲಿ ವೆಸ್ಟ್ ಇಂಡೀಸಿನ ಸಕ್ಕರೆಯಷ್ಟೇ ಸುಂಕವೆಂದು ಗೊತ್ತಾದ ಮೇಲೆ, ಮಿಕ್ಕ ಬೆಳೆಗಳೆಲ್ಲ ಹಿಂದೆ ಸರಿದು ಕಬ್ಬೊಂದೇ ಬೆಟ್ಟದ ಬುಡದವರೆಗೂ ಏರಿತು. ಹೀಗೆ ಕಬ್ಬು ಹಬ್ಬುತ್ತಿದ್ದ ಕಾಲದಲ್ಲಿಯೇ, 1835ರ ಫೆಬ್ರವರಿ 1ರಂದು, ಗುಲಾಮಗಿರಿ ರದ್ದಾಯಿತು. ಪರಿಹಾರದ್ರವ್ಯವಾಗಿ ಸುಮಾರು ಇಪ್ಪತ್ತು ಲಕ್ಷ ಪೌಂಡುಗಳು ಬಂದವು. ಬಂದದ್ದು ಒಡೆಯರಿಗೆ, ಗುಲಾಮರಿಗಲ್ಲ. ಬಿಡುಗಡೆ ಹೊಂದಿದವರು ಮತ್ತೆ ಆ ಗದ್ದೆಗೆ ಕಾಲಿಡಲು ಮನಸ್ಸು ಮಾಡದೆ ಕಡಲ ತೀರಕ್ಕೂ ಊರುಗಳ ಅಂಚಿಗೂ ಸರಿದರು. ಕಡಿಯುವ ಕೈ ಬೇಕಾಗಿತ್ತು. ಆ ಕೈಗಳನ್ನು ತೋಟಗಾರರು ರದ್ದತಿ ಜಾರಿಗೆ ಬರುವ ಮೊದಲೇ ಭಾರತದಲ್ಲಿ ಹುಡುಕತೊಡಗಿದ್ದರು. ಕಲ್ಕತ್ತೆಯಿಂದ ಹೊರಟ ‘ಅಟ್ಲಾಸ್’ ಎಂಬ ಹಡಗು, ಛೋಟಾ ನಾಗಪುರದ ಗುಡ್ಡಗಾಡಿನ 36 ಜನರನ್ನು ತುಂಬಿಕೊಂಡು 1834ರ ನವೆಂಬರ್ 2ರಂದು ಪೋರ್ಟ್ ಲೂಯಿಗೆ ಬಂದು ಸೇರಿತು. ಗುಲಾಮರಿಗೆ ಬದಲಾಗಿ ಕರಾರಿನ ಕೂಲಿಗಳಿಂದ ಸಾಮ್ರಾಜ್ಯವನ್ನು ನಡೆಸಬಹುದೇ ಎಂಬ ಈ ಪರೀಕ್ಷೆಯನ್ನು ‘ಮಹಾಪ್ರಯೋಗ’ವೆಂದು ಹೆಮ್ಮೆಯಿಂದ ಕರೆದರು. ಪ್ರಯೋಗಕ್ಕೆ ಒಳಗಾದವರ ಅಭಿಪ್ರಾಯವನ್ನು ಯಾರೂ ಕೇಳಿದಂತೆ ಕಾಣೆ.

ಅವರು ಇಳಿದ ಸ್ಥಳ ಇಂದಿಗೂ ಇದೆ. ಆಪ್ರವಾಸಿ ಘಾಟ್ ಎಂದು ಈಗಿನ ಹೆಸರು. ಕೂಲಿ ಘಾಟ್ ಎಂಬುದು ಹಿಂದಿನದು. 1849ರಲ್ಲಿ ಇಲ್ಲಿ ವಲಸೆಯ ಠಾಣೆಯನ್ನು ನಿಲ್ಲಿಸಿದರು. ಹೆದ್ದಾರಿಯ ಗದ್ದಲದ ಮಗ್ಗುಲಿಗೆ ಉಳಿದಿರುವುದು ಕಪ್ಪುಕಲ್ಲಿನ ಕೆಲವು ಗೋಡೆಗಳು, ಅಡಿಗೆಯ ಕೊಠಡಿಯ ಅವಶೇಷ, ಆಸ್ಪತ್ರೆಯ ಕಟ್ಟಡದ ಭಾಗ, ಮತ್ತು ನೀರಿನಿಂದ ಮೇಲಕ್ಕೆ ಹತ್ತಿಬರುವ ಮೆಟ್ಟಿಲುಗಳ ಒಂದು ಸಾಲು. 2006ರಲ್ಲಿ ಇದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಸುಮಾರು ಮುಕ್ಕಾಲು ಶತಮಾನದ ಅವಧಿಯಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು ದ್ವೀಪಕ್ಕೆ ಬಂದರು. ಬಹುಭಾಗ ಬಿಹಾರದ ಭೋಜಪುರಿ ಸೀಮೆಯವರು, ಉಳಿದವರು ಮದರಾಸಿನ ಬಂದರುಗಳಿಂದ ಹಡಗೇರಿದ ತಮಿಳರು, ತೆಲುಗರು, ಪಶ್ಚಿಮ ತೀರದಿಂದ ಮರಾಠಿಗರು. ಐದು ವರ್ಷಗಳ ಕರಾರು, ತಿಂಗಳಿಗೆ ಐದು ರೂಪಾಯಿ, ಜೊತೆಗೆ ಅಕ್ಕಿ ಬೇಳೆ ಉಪ್ಪುಗಳ ಪಡಿ. ಒಂದು ದಿನ ಕೆಲಸಕ್ಕೆ ಬಾರದಿದ್ದರೆ ಎರಡು ದಿನದ ಸಂಬಳಕ್ಕೆ ಕತ್ತರಿ ಬೀಳುವ ‘ಡಬಲ್ ಕಟ್’ ಎಂಬ ಕಟ್ಟಳೆಯೊಂದು ಇತ್ತು. ಮೈಲಿಗಟ್ಟಲೆ ಗದ್ದೆಯಲ್ಲಿ ದುಡಿದು ಜ್ವರದಿಂದ ಮಲಗಿದವನು, ಗುಣವಾಗಿ ಎದ್ದಾಗ, ದುಡಿದದ್ದಕ್ಕಿಂತ ಹೆಚ್ಚು ಸಾಲಗಾರನಾಗಿರುತ್ತಿದ್ದನು. ಕರಾರು ಮುಗಿಸಿದ ಹಳಬರನ್ನು ಕೂಡ ಬಿಡದೆ, 1867ರ ಕಾಯಿದೆಯು ಭಾವಚಿತ್ರ ಅಂಟಿಸಿದ ಚೀಟಿಯಿಲ್ಲದೆ ಓಡಾಡಿದವರನ್ನು ಪೊಲೀಸರು ಹಿಡಿಯುವಂತೆ ಮಾಡಿತು. 1871ರಲ್ಲಿ, ಪ್ಲೆವಿಟ್ಸ್ ಎಂಬ ಯೂರೋಪಿಯನ್ ತೋಟಗಾರನ ಸಹಾಯದಿಂದ, 9,401 ಮಂದಿ ಹಳೆಯ ವಲಸಿಗರು ತಮ್ಮ ಹೆಸರು ಹಾಕಿ ಸರ್ಕಾರಕ್ಕೆ ಮನವಿ ಸಲ್ಲಿಸಿದ ಬಳಿಕವಷ್ಟೇ ಲಂಡನ್ನಿನಿಂದ ವಿಚಾರಣಾ ಆಯೋಗ ಬಂದಿತು.

ಕೂಲಿ ಎಂಬ ಶಬ್ದದ ಮುಂದೆ ನಾನು ಬಹಳ ಹೊತ್ತು ನಿಂತೆನು. ನಮ್ಮ ನುಡಿಯಲ್ಲಿ ಅದು ದುಡಿದುದಕ್ಕೆ ದೊರೆಯತಕ್ಕ ಪ್ರತಿಫಲದ ಹೆಸರು; ಸಂಜೆಯಾದೊಡನೆ ಕೈಗೆ ಬೀಳಬೇಕಾದ ನ್ಯಾಯ. ಆಂಗ್ಲರ ಕಡತಗಳಲ್ಲಿ ಅದೇ ಮನುಷ್ಯನ ಹೆಸರಾಗಿ, ಆತನ ಮಕ್ಕಳ ಹೆಸರಾಗಿ, ಕಡೆಗೆ ಒಂದು ಬೈಗುಳವಾಗಿ ಮುಗಿಯಿತು.

ಘಾಟಿನ ಮೆಟ್ಟಿಲುಗಳನ್ನು ಕಂಡಾಗ ಅವ್ವ ಏನೂ ಹೇಳಲಿಲ್ಲ. ಆಕೆಯ ಮಾತು ಬಂದದ್ದು ಮರುದಿನ, ಒಳನಾಡಿನ ಹಾದಿಯಲ್ಲಿ. ಇಲ್ಲಿಯ ಕಬ್ಬಿನ ಗದ್ದೆಗಳ ಮಧ್ಯೆ ಅಲ್ಲಲ್ಲಿ ಮನೆಯೆತ್ತರಕ್ಕೆ ಕರಿಯ ಕಲ್ಲುಗಳ ರಾಶಿಗಳು ಕಾಣಸಿಗುತ್ತವೆ. ದ್ವೀಪವು ಜ್ವಾಲಾಮುಖಿಯಿಂದ ಹುಟ್ಟಿದ್ದು. ನೆಲವನ್ನು ಎಲ್ಲಿ ಅಗೆದರೂ ಲಾವಾದ ಗುಂಡುಗಳೇ. ಪ್ರವಾಸಿಗರು ಅವನ್ನು ಪುರಾತನ ಗೋಪುರಗಳೆಂದು ಭ್ರಮಿಸಿ ಚಿತ್ರ ತೆಗೆಯುವುದುಂಟು, ಮೊದಲಿಗೆ ನಾನೂ ಹಾಗೆಯೇ ಅಂದುಕೊಂಡಿದ್ದೆನು. ಅವ್ವ ಕಾರನ್ನು ನಿಲ್ಲಿಸಿ ಇಳಿದು, ಒಂದು ರಾಶಿಯ ಸುತ್ತ ನಡೆದು, ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದಳು. “ದೇವಸ್ಥಾನ ಅಲ್ಲ ಕಣ್ಲಾ. ನೇಗಿಲು ಹೋಗಲಿ ಅಂತ ಕಲ್ಲು ಆಯ್ದು ಒಟ್ಟವ್ರೆ. ಒಂದೊಂದನ್ನೂ ಕೈಯಲ್ಲೇ ಎತ್ತಬೇಕು ಇದನ್ನ. ಎಷ್ಟು ಬೆನ್ನು ಬಿದ್ದೋಗಿರಬೇಕು.” ಮೊದಲು ಗುಲಾಮರು, ಬಳಿಕ ಕೂಲಿಗಳು, ತಲೆತಲಾಂತರದಿಂದ ಆಯ್ದು ಪೇರಿಸಿದ ಕಲ್ಲುಗಳು ಅವು. ವಿಹಾರಕ್ಕೆಂದು ಬಂದವರ ಕಣ್ಣಿಗೆ ಪ್ರಕೃತಿಯ ಕೊಡುಗೆಯಂತೆ ಹರಡಿಕೊಳ್ಳುವ ಈ ಹಸಿರು, ಅಂಗುಲ ಅಂಗುಲವೂ ಮನುಷ್ಯರ ಕೈಯಿಂದ ಆದದ್ದೆಂಬುದನ್ನು ನಾನು ಪುಸ್ತಕಗಳಲ್ಲಿ ಓದಿದ್ದರೂ, ನೋಡುವುದನ್ನು ಅವ್ವ ಕಲಿಸಬೇಕಾಯಿತು.

ಗಂಗಾ ತಲಾವಿಗೂ ಹೋದೆವು. ಗುಡ್ಡಗಳ ನಡುವಿನ ಈ ಸರೋವರದ ನೀರು ಗಂಗೆಯ ಸಂಬಂಧಿಯೆಂದು ತ್ರಿಯೋಲೆ ಎಂಬ ಹಳ್ಳಿಯ ಅರ್ಚಕರೊಬ್ಬರು 1897ರಲ್ಲಿ ಕನಸು ಕಂಡರಂತೆ. ಮರುವರ್ಷದಿಂದ ಶಿವರಾತ್ರಿಯ ಪಾದಯಾತ್ರೆ ಆರಂಭವಾಯಿತು. 1972ರಲ್ಲಿ ನಿಜವಾದ ಗಂಗಾಜಲವನ್ನು ತಂದು ಬೆರೆಸಿ, ಕನಸಿಗೆ ಸಾಕ್ಷ್ಯವನ್ನು ಒದಗಿಸಿದರು. ನಮ್ಮ ಯುಗಾದಿಯೇ ಇಲ್ಲಿ ಸರ್ಕಾರಿ ರಜೆಯೆಂದು ಕೇಳಿ ಅವ್ವ ಹಿಗ್ಗಿದಳು. ಅದು ತೆಲುಗರ ಹೆಸರಿನಲ್ಲಿ ಬಂದ ರಜೆಯೆಂದು ನಾನು ತಿದ್ದಹೋದರೆ, “ಬೇವು ಬೆಲ್ಲ ಯಾರದಾದರೇನು” ಎಂದಳು. ಬೀದಿಯ ಗಾಡಿಯಲ್ಲಿ ಗಾತೋ ಪಿಮಾಂ ಎಂದು ಮಾರುತ್ತಿದ್ದ ಕಾಳಿನ ಕರಿದ ಉಂಡೆಯನ್ನು ಕಚ್ಚಿ, ಆಂಬೊಡೆಯೆಂದು ಗುರುತಿಸಿ, ಉಪ್ಪು ಸಾಲದೆಂದಳು.

ಹೊರಡುವ ಮುನ್ನಿನ ಸಂಜೆ, ಹೋಟೆಲಿನ ಹಿಂದಿನ ಗದ್ದೆಯ ಬದುವಿನಲ್ಲಿ ಮಚ್ಚನ್ನು ಪಕ್ಕಕ್ಕಿಟ್ಟುಕೊಂಡು ದಣಿವಾರಿಸಿಕೊಳ್ಳುತ್ತಿದ್ದ ಮುದುಕನೊಬ್ಬನ ಎದುರಿಗೆ ಅವ್ವ ಕುಳಿತುಬಿಟ್ಟಳು. ಆತನ ಮಾತು ಭೋಜಪುರಿ ಬೆರೆತ ಕ್ರಿಯೋಲ್. ಈಕೆಯದು ಮಂಡ್ಯದ ಕನ್ನಡ. ಕಡಿದ ಬುಡವೊಂದರಿಂದ ಆಗಲೇ ಚಿಗುರುತ್ತಿದ್ದ ಕೂಳೆಯನ್ನು ತೋರಿಸಿ, ಒಂದೊಂದೇ ಬೆರಳು ಮಡಿಸುತ್ತ, ಎಷ್ಟು ಸಲ ಬಿಡುತ್ತೀರಿ ಎಂದು ಕೇಳಿದಳು. ಮುದುಕ ಒಂದು ಕೈಯ ಐದು ಬೆರಳನ್ನೂ ಎತ್ತಿ, ಮತ್ತೊಂದು ಕೈಯ ಎರಡನ್ನು ಸೇರಿಸಿದನು. ಅವ್ವ ಬೆರಗಿನಿಂದ ನನ್ನ ಕಡೆ ತಿರುಗಿದಳು. “ಏಳು ಕೂಳೆ! ನಮ್ಮಲ್ಲಿ ಮೂರನೇದಕ್ಕೇ ಬುಡ ಕಿತ್ತಾಕ್ತೀವಿ.” ಬಳಿಕ ಆ ಬುಡದ ಸುತ್ತಲಿನ ಮಣ್ಣನ್ನು ಬೆರಳಿನಿಂದ ಕೆದಕಿ, ಅಡ್ಡವಾಗಿದ್ದ ಕರಿಗಲ್ಲೊಂದನ್ನು ಎತ್ತಿ, ಮುದುಕನು ತೋರಿಸಿದ ರಾಶಿಯ ಮೇಲೆ ಇಟ್ಟು ಬಂದಳು.